ಅಂಟಕ್ಕನ ಕೈಗೆ ಬಂದ ಕಿವಿ ಮುರಿದ ನಾಯಿ

ಶೆಡ್ಡಿನ ಪೂರ್ವದ ಬಾಗಿಲನ್ನು ಅಂಟಕ್ಕ ಬೆಳಿಗ್ಗೆ ಪೂರ್ತಿ ತೆರೆಯುವುದಿಲ್ಲ. ಗೇಣುದ್ದ ತೆರೆದು, ಗಿರಗಿರ ತಿರುಗುವ ಮರದ ಹಲಗೆಯ ಮೇಲೆ ಕಲ್ಲೊಂದನ್ನಿಟ್ಟು, ಸ್ಟೂಲಿನ ಮೇಲೆ ಕುಳಿತು ಕಾಯುತ್ತಾರೆ. ಆಗಷ್ಟೇ ಮೂಡಿದ ಸೂರ್ಯನ ಬೆಳಕು ಬಾಗಿಲ ಸಂದಿಯಿಂದ ಅಡ್ಡಡ್ಡ ಬಂದು ಕಲ್ಲಿನ ಮೈಮೇಲೆ ಬೀಳುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ನುಣ್ಣಗೆ ಕಾಣುವ ಕಲ್ಲಿನಲ್ಲಿ ಈಗ ಪ್ರತಿ ಗೀರು, ಪ್ರತಿ ತಗ್ಗು, ಹಿಂದೆ ಯಾರೋ ಮಾಡಿ ಮುಚ್ಚಿಟ್ಟ ತೇಪೆ, ಎಲ್ಲ ಎದ್ದು ಕಾಣುತ್ತದೆ. ಈ ಬೆಳಕು ಹೆಚ್ಚು ಹೊತ್ತು ಇರುವುದಿಲ್ಲ. ಅದಕ್ಕೇ ಅಂಟಕ್ಕ ಆ ಹೊತ್ತಿನಲ್ಲಿ ಕಾಫಿಯನ್ನೂ ಕುಡಿಯುವುದಿಲ್ಲ, ಮಾತನ್ನೂ ಆಡುವುದಿಲ್ಲ.

ಇವತ್ತು ಹಲಗೆಯ ಮೇಲಿರುವುದು ಮಲಗಿದ ನಾಯಿ. ಮರಳುಗಲ್ಲಿನದು, ತಲೆದಿಂಬಿನಷ್ಟು ದೊಡ್ಡದು. ಬಲಗಿವಿ ಬುಡದಲ್ಲೇ ಮುರಿದಿದೆ. ಮುರಿದ ಕಿವಿಯನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಪಕ್ಕದಲ್ಲಿ ಇಟ್ಟಿದ್ದಾರೆ. ಅದರ ತುದಿಯ ಸಣ್ಣ ಚಕ್ಕೆಯೊಂದು ಮಾತ್ರ ಬಂದಿಲ್ಲ.

ಒಡೆದ ಕಲ್ಲಿನ ಶಿಲ್ಪಗಳನ್ನು, ಬೋಗುಣಿಗಳನ್ನು, ತಲೆಗಳನ್ನು, ಕೈಕಾಲುಗಳನ್ನು ಮತ್ತೆ ಜೋಡಿಸಿಕೊಡುವುದು ಅಂಟಕ್ಕನ ಕಸುಬು. ಮನೆಯಲ್ಲಿ ಹಳೆಯ ಕಲ್ಲುಗಳ ಸಂಗ್ರಹ ಇಟ್ಟುಕೊಂಡವರು ಇವರನ್ನು ಹುಡುಕಿಕೊಂಡು ಬರುತ್ತಾರೆ. ಶೆಡ್ಡಿಗೆ ಬೋರ್ಡಿಲ್ಲ. ಬಂದವರು ತಮ್ಮ ಹೆಸರು ಹೇಳುವುದಿಲ್ಲ, ಇವರೂ ಕೇಳುವುದಿಲ್ಲ. ಇವರಿಗಿರುವ ಹೆಸರನ್ನೂ ಜನ ಮರೆತಿದ್ದಾರೆ. ಬೀದಿಯಲ್ಲಿ ಎಲ್ಲರಿಗೂ ಅಂಟಕ್ಕ, ಅಷ್ಟೇ.

ಇಷ್ಟು ಸಾಕಿತ್ತು ನನಗೆ ಗುಮಾನಿ ಹುಟ್ಟಲು. ನಿಜ ಹೇಳಿಬಿಡುತ್ತೇನೆ, ನಾನು ಈ ಶೆಡ್ಡಿಗೆ ಬಂದದ್ದು ನಮ್ಮ ಪತ್ರಿಕೆಯ ಪುರವಣಿಗೆ ಎಲೆಮರೆಯ ಕಾಯಿಯೊಂದನ್ನು ಹೊಗಳಿ ಬರೆಯಲು ಅಲ್ಲವೇ ಅಲ್ಲ. ಬೋರ್ಡಿಲ್ಲದ ಶೆಡ್ಡು, ಹೆಸರಿಲ್ಲದ ಗಿರಾಕಿಗಳು, ಎಲ್ಲಿಂದ ಬಂತೆಂದು ಯಾರೂ ಕೇಳದ ಕಲ್ಲುಗಳು. ಕದ್ದ ಮಾಲಿರಬಹುದು, ನಕಲಿ ಮಾಲಿರಬಹುದು, ಏನೋ ಒಂದು ಇದ್ದೇ ಇರುತ್ತದೆ ಎಂದು ಒಳಗೊಳಗೇ ಲೆಕ್ಕ ಹಾಕಿಕೊಂಡೇ ಬಂದವಳು ನಾನು.

"ಈ ಕಲ್ಲೆಲ್ಲ ಎಲ್ಲಿಂದ ಬರುತ್ತೆ ಅಂತ ನಿಮಗೆ ಗೊತ್ತಾ?" ಎಂದು ಮೊದಲ ದಿನವೇ ಕೇಳಿದ್ದೆ.

"ಕಾರಿನಿಂದ ಬರುತ್ತೆ," ಎಂದಿದ್ದರು ಅಂಟಕ್ಕ. "ನೋಡಿ ಪೇಪರಮ್ಮ, ಒಡೆದ ಜಾಗ ನೋಡೋದು ನನ್ನ ಕೆಲಸ. ಕಲ್ಲಿನ ವಯಸ್ಸು ಎಷ್ಟು, ಅದರ ಅಪ್ಪ ಅಮ್ಮ ಯಾರು, ಅದೆಲ್ಲ ನಾನ್ಯಾಕೆ ಕೇಳ್ಲಿ? ಕೈ ಮುರಿದೋರು ಬಂದ್ರೆ ಡಾಕ್ಟ್ರು ಜಾತಕ ಕೇಳ್ತಾರಾ?"

ಉತ್ತರ ಚುರುಕಾಗಿಯೇ ಇತ್ತು. ತೀರಾ ಚುರುಕಾಯಿತಲ್ಲ ಎಂದೂ ನನಗೆ ಅನ್ನಿಸದೆ ಇರಲಿಲ್ಲ.

ಇವರ ಅಪ್ಪ ಕಲ್ಲುಕುಟಿಗ. ಬೀಸುವ ಕಲ್ಲು, ಹೊಸ್ತಿಲು, ತೋಟದ ಅಲಂಕಾರದ ಬೊಂಬೆ, ಕೇಳಿದ್ದನ್ನು ಕೆತ್ತಿಕೊಡುತ್ತಿದ್ದವರು. ಮಕ್ಕಳಿಬ್ಬರಿಗೂ ಅಂಗಳದಲ್ಲೇ ಪಾಠ. ಅಣ್ಣನ ಕೈಗೆ ಉಳಿ, ಸುತ್ತಿಗೆ ಸಿಕ್ಕಿತು. ತಂಗಿಯ ಕೈಗೆ ಸಿಕ್ಕಿದ್ದು ಅಣ್ಣ ಒಡೆದದ್ದು.

"ಅವನು ಕಲಿಯೋವಾಗ ದಿನಾ ಒಂದು ಮೂಗು ಹಾರಿಸ್ತಿದ್ದ. ಅಪ್ಪನಿಗೆ ಗೊತ್ತಾದ್ರೆ ಬೆನ್ನು ಮುರೀತಾರಲ್ಲ, ಅದಕ್ಕೆ ನಾನು ಅವರಿಗೆ ಕಾಣದ ಹಾಗೆ ಅಂಟಿಸಿ ಇಡ್ತಿದ್ದೆ. ಹಂಗೇ ಕಲ್ತಿದ್ದು. ಯಾವ ಸ್ಕೂಲೂ ಇಲ್ಲ, ಕಾಲೇಜೂ ಇಲ್ಲ."

ಆಮೇಲೆ ಬದುಕು ಸಲೀಸಾಗಿಯೇನೂ ಹೋಗಲಿಲ್ಲ. ಮದುವೆಯಾದ ಮೇಲೆ ಹಲವು ವರ್ಷ ಸಮಾಧಿಗಳ ಹಾಸುಗಲ್ಲು ತಿಕ್ಕುವ ಕೆಲಸ ಮಾಡಿದ್ದಾರೆ. ಕಲ್ಲಿನ ದೂಳು ಎದೆಗಿಳಿದು ಒಂದು ಕೆಮ್ಮು ಕಾಯಂ ಆಗಿ ಉಳಿದಿದೆ. ಅಂಟಿನ ಉರಿಗೆ ಬೆರಳ ತುದಿಗಳ ಚರ್ಮ ಸುಲಿದು, ಈಗ ಬಿಸಿ ಲೋಟ ಹಿಡಿದರೂ ಅವರಿಗೆ ಗೊತ್ತಾಗುವುದಿಲ್ಲ. ಗಂಡ ಶಾಲೆಯ ವ್ಯಾನ್ ಓಡಿಸುತ್ತಾರೆ, ಮಾತಿನಲ್ಲಿ ಹೆಂಡತಿಗಿಂತ ಒಂದು ಕೈ ಮೇಲು. "ಊರವರ ಮನೆ ಕಲ್ಲಿಗೆಲ್ಲ ಅಂಟು ಹಾಕ್ತಾಳೆ ಮೇಡಂ, ನನ್ನ ಚಪ್ಪಲಿ ಕಿತ್ತು ತಿಂಗಳಾಯ್ತು," ಎಂದು ನನ್ನ ಮುಂದೆಯೇ ದೂರು ಕೊಟ್ಟರು. ಅಂಟಕ್ಕ ಸೊಪ್ಪು ಹಾಕಲಿಲ್ಲ.

ಕೆಲಸದ ಕ್ರಮ ಹೀಗೆ. ಓರೆ ಬೆಳಕಿನಲ್ಲಿ ನೋಡುವುದು ಮೊದಲು. ಆಮೇಲೆ ಒದ್ದೆ ಬ್ರಷ್ಷಿನಿಂದ ಇಡೀ ಕಲ್ಲಿಗೆ ನೀರು ಸವರುವುದು. ಹಳೆಯ ತೇಪೆ ಇದ್ದ ಕಡೆ ನೀರು ಒಣಗುವ ಹೊತ್ತೇ ಬೇರೆ, ಅಲ್ಲಿ ಕಲೆ ಉಳಿಯುತ್ತದೆ. ಆಮೇಲೆ ಒಡೆದ ಎರಡು ಮುಖಗಳನ್ನು ಅಂಟಿಲ್ಲದೆ ಬರಿದೇ ಕೂರಿಸಿ ನೋಡುವುದು. ಕೂರದಿದ್ದರೆ ಹತ್ತು ಸಲ, ಇಪ್ಪತ್ತು ಸಲ, ವಾರಗಟ್ಟಲೆ. ಕೂತ ಮೇಲೆ ಒಳಗೆ ಸ್ಟೀಲಿನ ಕಡ್ಡಿ, ಅಂಟು, ಮರಳಿನ ಬುಟ್ಟಿಯಲ್ಲಿ ಅಲುಗಾಡದ ಹಾಗೆ ಹೂತಿಡುವುದು. ಕೊನೆಗೆ ಸಂದಿಗೆ ಅದೇ ಬಣ್ಣದ ಕಲ್ಲುಪುಡಿ ತುಂಬಿ ಉಜ್ಜಿದರೆ, ಒಡೆದಿತ್ತು ಎಂದು ಆಣೆ ಮಾಡಿ ಹೇಳಿದರೂ ಯಾರೂ ನಂಬುವುದಿಲ್ಲ. ಸಂದು ಕಾಣದಿರುವುದೇ ಅಂಟಕ್ಕನ ಹೆಮ್ಮೆ.

ಆ ಹೆಮ್ಮೆಗೆ ಕಾರಣ ಅವರ ಕಾಯಂ ಗಿರಾಕಿ. ಸಕ್ಕರೆಯ ಸಗಟು ವ್ಯಾಪಾರ ಮಾಡಿ, ಈಗ ಅಂಗಡಿಯನ್ನು ಮಗಳಿಗೆ ಬಿಟ್ಟುಕೊಟ್ಟು ಹಳೆಯ ಕಲ್ಲು ಕೂಡಿಡುವ ಹುಚ್ಚು ಹಿಡಿಸಿಕೊಂಡವರು. ಎಲ್ಲರ ಬಾಯಲ್ಲೂ ಸಾಹುಕಾರರು. ಅವರಿಗೆ ಕಲ್ಲು ತಂದುಕೊಡುವ ದಲ್ಲಾಳಿಯೊಬ್ಬನಿದ್ದಾನೆ. ಒಡೆದದ್ದು ಬಂದರೆ ಅಂಟಕ್ಕನ ಶೆಡ್ಡಿಗೆ, ಇಲ್ಲಿಂದ ಸಾಹುಕಾರರ ಗಾಜಿನ ಕಪಾಟಿಗೆ. ಈ ನಾಯಿಯೂ ಅವರದೇ. ಯಾವುದೋ ಪಾಳುಬಿದ್ದ ಅರಮನೆಯ ಮೆಟ್ಟಿಲ ಮೇಲಿತ್ತಂತೆ, ಮುನ್ನೂರು ವರ್ಷದ್ದಂತೆ.

"ಬೇರೆಯವರ ಕಲ್ಲು ಹಠ ಮಾಡುತ್ತೆ, ಪೇಪರಮ್ಮ. ಸಾಹುಕಾರ್ರ ಕಲ್ಲು ಮಾತ್ರ ನಾನು ಹೇಳಿದ ಹಾಗೆ ಕೇಳುತ್ತೆ," ಎಂದಿದ್ದರು ಹಿಂದಿನ ದಿನ. "ಸಿಂಹದ ಪಂಜ, ಬೋಗುಣಿ ಅಂಚು, ಎಲ್ಲಾ ಕೈಯಲ್ಲಿ ಹಿಡಿದ ತಕ್ಷಣ ಟಕ್ ಅಂತ ಕೂತ್ವು. ಇಷ್ಟು ವರ್ಷಕ್ಕೆ ಕೈ ಪಳಗಿದೆ ಅಂತ ಕಾಣುತ್ತೆ."

ಇವತ್ತು ಆ ಪಳಗಿದ ಕೈ ನಾಯಿಯ ಬೆನ್ನ ಮೇಲೆ ನೀರು ಸವರುತ್ತಾ ಬಂದು, ಹಿಂಗಾಲಿನ ಹತ್ತಿರ ನಿಂತುಬಿಟ್ಟಿದೆ. ಹಲಗೆ ತಿರುಗುತ್ತಿಲ್ಲ. ಬ್ರಷ್ಷಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿದೆ.

"ಏನಾಯ್ತು?" ಎನ್ನುತ್ತೇನೆ.

"ಏನಿಲ್ಲ."

ಏನಿಲ್ಲ ಎಂದವರು ಎದ್ದು ಬಾಗಿಲನ್ನು ಪೂರ್ತಿ ತೆರೆಯುತ್ತಾರೆ, ಮತ್ತೆ ಮುಚ್ಚುತ್ತಾರೆ. ಮುರಿದ ಕಿವಿಯನ್ನು ಟವೆಲ್ಲಿನಿಂದ ತೆಗೆದು ಬುಡಕ್ಕೆ ಹಿಡಿಯುತ್ತಾರೆ. ಅದು ಟಕ್ಕೆಂದು ಕೂರುತ್ತದೆ. ಮುಖ ಅರಳಬೇಕಿತ್ತು. ಬದಲಿಗೆ ಗಂಟಿಕ್ಕುತ್ತದೆ. ಇವರು ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯ ಉಳಿಯುವುದಿಲ್ಲ. ನಾನು ಹೊರಡುವ ಲಕ್ಷಣವನ್ನೇ ತೋರಿಸುವುದಿಲ್ಲ. ಕೊನೆಗೆ ಅವರಾಗಿಯೇ ಬಾಯಿ ಬಿಡುತ್ತಾರೆ.

"ಈ ನಾಯಿ ನಮ್ಮನೇದು."

ನನಗೆ ಅರ್ಥವಾಗುವುದಿಲ್ಲ. ಅವರು ನಾಯಿಯ ಹಿಂಗಾಲು ಮುಟ್ಟಿ ತೋರಿಸುತ್ತಾರೆ. ಮೂರು ಕಾಲು ಮಡಚಿಕೊಂಡ ನಾಯಿ ನಾಲ್ಕನೆಯದನ್ನು ಕಡ್ಡಿಯ ಹಾಗೆ ನೆಟ್ಟಗೆ ಹಿಂದಕ್ಕೆ ಚಾಚಿದೆ.

"ನಮ್ಮ ಕುಂಟ. ಸಣ್ಣವರಿದ್ದಾಗ ಅಂಗಳದಲ್ಲಿ ಬಿದ್ದಿರ್ತಿತ್ತು. ಕಾಲಿನ ಮೇಲೆ ಗಾಡಿ ಹರಿದು ಮಡಚೋಕೇ ಬರ್ತಿರ್ಲಿಲ್ಲ. ಅಲ್ಲಾಡದೆ ಮಲಗೋದು ಅದೊಂದೇ ಅಂತ ಅಪ್ಪ ಅದನ್ನೇ ನೋಡಿ ಕೆತ್ತು ಅಂತಿದ್ರು ಅಣ್ಣನಿಗೆ. ಮುನ್ನೂರು ವರ್ಷದ ಹಿಂದೆ ಯಾವ ಅರಮನೆ ಮೆಟ್ಟಿಲ ಮೇಲೆ ನಮ್ಮ ಕುಂಟ ಮಲಗಿತ್ತು, ಹೇಳಿ?"

ಅಷ್ಟು ಹೇಳಿ ನಗಲು ನೋಡುತ್ತಾರೆ, ನಗು ಕೆಮ್ಮಾಗುತ್ತದೆ.

ಅಣ್ಣನ ಕಲ್ಲಿನಂಗಳ ಊರಾಚೆ, ಮರದ ಅಡ್ಡೆಯ ಹಿಂದೆ. ಅಂಟಕ್ಕ ಗಂಡನ ವ್ಯಾನಿನಲ್ಲಿ ಹೊರಡುತ್ತಾರೆ, ಜೊತೆಗೆ ನಾನೂ. ತಂಗಿಯನ್ನು ಕಂಡ ಕೂಡಲೇ ಅಣ್ಣ ಸುತ್ತಿಗೆ ಕೆಳಗಿಟ್ಟು, "ಏನು ಪುಟ್ಟಿ, ಇಷ್ಟು ಬೆಳಿಗ್ಗೆ?" ಎಂದು ಎದ್ದು ಬರುತ್ತಾರೆ. ಅರವತ್ತು ದಾಟಿದ ಮನುಷ್ಯ, ಹುಬ್ಬಿನವರೆಗೂ ಬಿಳಿ ದೂಳು. ನನ್ನ ಕೈಯಲ್ಲಿ ಪೆನ್ನು ಕಂಡ ಮೇಲೆ ಅವರ ಮಾತು ಅಳೆದು ತೂಗಿ ಬರುತ್ತದೆ.

"ನಾಯಿ ಕೆತ್ತಿದ್ಯಾ, ಅಣ್ಣ?"

"ಎಷ್ಟೋ ನಾಯಿ ಕೆತ್ತಿದೀನಿ. ತೋಟಕ್ಕೆ ಇಡೋರು ತಗೊಂಡು ಹೋಗ್ತಾರೆ."

"ಕುಂಟನ್ನ?"

ಅಣ್ಣ ಕೆಳಗಿಟ್ಟ ಸುತ್ತಿಗೆಯನ್ನು ಮತ್ತೆ ಎತ್ತಿಕೊಳ್ಳುತ್ತಾರೆ. "ನನಗೆ ಗೊತ್ತಿರೋ ನಾಯಿ ಅದೊಂದೇ. ಬೇರೆ ನಾಯಿ ಮಾಡೋಕೆ ಹೋದ್ರೂ ಕಾಲು ಹಂಗೇ ಹೋಗುತ್ತೆ."

"ಕಿವಿ ಒಡೆದಿದ್ದು ಯಾರು?"

"ತಗೊಂಡೋರು ಬೀಳ್ಸಿರ್ತಾರೆ. ನನಗೇನು ಗೊತ್ತು?"

ಹಾರಿಕೆಯ ಉತ್ತರ ಎಂದು ನನಗೇ ತಿಳಿಯಿತು, ತಂಗಿಗೆ ತಿಳಿಯದೆ ಇರುತ್ತದೆಯೇ. ಅಂಗಳದ ಮೂಲೆಯಲ್ಲಿ ಒದ್ದೆ ಗೋಣಿಚೀಲ ಹೊದಿಸಿದ ಒಂದು ಗುಂಡಿ ಇದೆ. ಚೀಲದ ಅಂಚಿನಿಂದ ಹಸಿ ಮಣ್ಣು ಮೆತ್ತಿದ ಕಲ್ಲಿನ ಹಕ್ಕಿಯ ಕೊಕ್ಕು ಇಣುಕುತ್ತಿದೆ. ಹೊಸ ಕಲ್ಲಿಗೆ ಹಳೆಯ ಬಣ್ಣ ಬರುವುದು ಹೀಗೇ ಇರಬೇಕು. ನಾನು ಅತ್ತ ನೋಡುತ್ತಿರುವುದನ್ನು ಅಣ್ಣ ನೋಡುತ್ತಾರೆ, ಅವರನ್ನು ಅಂಟಕ್ಕ ನೋಡುತ್ತಾರೆ.

ವಾಪಸು ಬರುವಾಗ ವ್ಯಾನಿನಲ್ಲಿ ನನ್ನ ತಲೆಯೊಳಗೆ ಹುಳ ಹೊಕ್ಕಿತ್ತು. ಅಣ್ಣ ಕೆತ್ತುತ್ತಾನೆ, ತಂಗಿ ಅಂಟಿಸುತ್ತಾಳೆ, ನಡುವೆ ದಲ್ಲಾಳಿ. ಒಡೆದು ರಿಪೇರಿಯಾದದ್ದೆಂದರೆ ಹಳೆಯದೇ ಇರಬೇಕು ಎಂದು ಕೊಳ್ಳುವವರು ನಂಬುತ್ತಾರೆ, ಹೊಸ ಕಲ್ಲನ್ನು ಯಾರು ತಾನೇ ರಿಪೇರಿ ಮಾಡಿಸುತ್ತಾರೆ? ಇದು ಇಡೀ ಮನೆಯವರೇ ಕೂಡಿ ಮಾಡುವ ವ್ಯವಹಾರವಾಗಿದ್ದರೆ? ಪೇಪರಿನವಳು ಬಂದಿದ್ದಾಳೆಂದು ಬೆಳಿಗ್ಗೆಯಿಂದ ನನ್ನ ಮುಂದೆ ನಾಟಕ ನಡೆಯುತ್ತಿದ್ದರೆ? ಪಕ್ಕದಲ್ಲಿ ಕೂತ ಹೆಂಗಸು ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ನಾನು ಅವರನ್ನು ಓರೆಗಣ್ಣಿನಿಂದ ನೋಡುತ್ತಿದ್ದೆ.

"ಸಾಹುಕಾರ್ರಿಗೆ ಹೇಳ್ಬಿಡ್ತೀನಿ," ಎಂದರು ಒಮ್ಮೆಲೇ. "ಆದ್ರೆ ಅಣ್ಣನ ಹೆಸರು ಎತ್ತಲ್ಲ. ನೀವೂ ಎತ್ತಬೇಡಿ." ಸಾಹುಕಾರರ ಮುಂದೆ ಎತ್ತುವುದಿಲ್ಲ ಎಂದು ಮಾತು ಕೊಟ್ಟೆ.

ಶೆಡ್ಡಿನಿಂದ ನಾಯಿಯನ್ನೂ ಕಿವಿಯನ್ನೂ ವ್ಯಾನಿಗೇರಿಸಿಕೊಂಡು ಹೋಗುತ್ತೇವೆ. ಸಾಹುಕಾರರ ಮನೆಯಲ್ಲಿ ಕಲ್ಲುಗಳಿಗೆಂದೇ ಒಂದು ಕೋಣೆ. ಕಿಟಕಿಗಳಿಗೆ ದಪ್ಪ ಪರದೆ, ಪ್ರತಿ ಕಪಾಟಿಗೂ ಒಂದೊಂದು ಪುಟ್ಟ ದೀಪ. ಒಂದರಲ್ಲಿ ಸಿಂಹ, ಒಂದರಲ್ಲಿ ಬೋಗುಣಿ, ಇನ್ನೊಂದರಲ್ಲಿ ಕಲ್ಲಿನ ಹೆಂಗಸಿನ ತಲೆ. ನಾಯಿಗೆಂದು ಕಪಾಟಿನಲ್ಲಿ ಜಾಗ ಬಿಟ್ಟು, ಕೆಳಗೆ ಹಸಿರು ಬಟ್ಟೆ ಹಾಸಿಟ್ಟಿದ್ದಾರೆ. ಎಂಬತ್ತರ ಹತ್ತಿರದ ಹಿರಿಯರು ನಮ್ಮನ್ನು ಕಂಡು ಮಗುವಿನ ಹಾಗೆ ಓಡಿ ಬರುತ್ತಾರೆ.

"ಇಷ್ಟು ಬೇಗ ಆಯ್ತಾ?"

"ಆಗಿಲ್ಲ, ಸಾಹುಕಾರ್ರೇ. ಇದು ಹಳೇ ಕಲ್ಲಲ್ಲ. ಈಚೆಗೆ ಕೆತ್ತಿದ್ದು. ನಿಮಗೆ ಮೋಸ ಆಗಿದೆ."

ಹಿರಿಯರು ನಾಯಿಯನ್ನು ನೋಡುತ್ತಾರೆ, ಅಂಟಕ್ಕನನ್ನು ನೋಡುತ್ತಾರೆ, ನನ್ನ ಕೈಯ ಪೆನ್ನು ಪುಸ್ತಕವನ್ನು ನೋಡುತ್ತಾರೆ. ದಲ್ಲಾಳಿಯನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಮೆಲ್ಲಗೆ ಕೇಳುತ್ತಾರೆ:

"ನನ್ನ ನಾಯಿ ಎಲ್ಲಿ?"

"ಇದೇ ನಿಮ್ಮ ನಾಯಿ."

"ಅಲ್ಲ. ನಾನು ಕಳಿಸಿದ್ದು ಹಳೇದು. ನೀನು ತಂದಿರೋದು ಹೊಸದು, ನೀನೇ ಹೇಳ್ತಿದ್ದೀಯ. ಹಂಗಾದ್ರೆ ಹಳೇದು ಎಲ್ಲಿ ಹೋಯ್ತಮ್ಮ? ಇಷ್ಟು ವರ್ಷ ನಿನ್ನ ಕೈಗೆ ಕಣ್ಣು ಮುಚ್ಕೊಂಡು ಕೊಟ್ಟಿದ್ದಕ್ಕೆ ಇದಾ? ಸಾಕ್ಷಿಗೆ ಅಂತ ಪೇಪರಿನವರನ್ನ ಬೇರೆ ಕರ್ಕೊಂಡು ಬಂದಿದ್ದೀಯ!"

ಅಂಟಕ್ಕ ನಾಯಿಯ ಬೆನ್ನ ಮೇಲೆ ಕೈಯಿಟ್ಟು ನಿಂತುಬಿಡುತ್ತಾರೆ. ನಾಳೆಯೊಳಗೆ ಅಸಲಿ ನಾಯಿ ಬರದಿದ್ದರೆ ಪೊಲೀಸರಿಗೆ ಹೇಳುತ್ತೇನೆ, ಊರಿನ ಸಂಗ್ರಹಕಾರರಿಗೆಲ್ಲ ಹೇಳುತ್ತೇನೆ, ಆಮೇಲೆ ನಿನ್ನ ಶೆಡ್ಡಿಗೆ ಯಾರು ಬರುತ್ತಾರೋ ನೋಡುತ್ತೇನೆ ಎಂದು ಸಾಹುಕಾರರು ಕೂಗಾಡುತ್ತಾರೆ. ತನ್ನ ಕೈಗೆ ಬಂದದ್ದೇ ಈ ಹೊಸ ಕಲ್ಲು ಎಂದು ತೋರಿಸಲು ಅಂಟಕ್ಕನಿಗಿರುವುದು ಒಂದೇ ದಾರಿ. ಕೆತ್ತಿದವರು ಯಾರೆಂದು ಹೇಳಬೇಕು. ಅವರು ಹೇಳುವುದಿಲ್ಲ. ಇಡೀ ಜೀವಮಾನದ ನಂಬಿಕೆ ಕೈಬಿಟ್ಟು ಹೋಗುತ್ತಿರುವಾಗಲೂ ತುಟಿ ಪಿಟಕ್ಕೆನ್ನುವುದಿಲ್ಲ. ನನ್ನ ನಾಟಕದ ಲೆಕ್ಕ ತಪ್ಪುತ್ತಿದೆ ಎಂದು ನನಗೆ ಮೊದಲ ಬಾರಿ ಅನ್ನಿಸಿದ್ದು ಆಗ.

ನಾನು ಮಾತು ಕೊಟ್ಟಿದ್ದು ಸಾಹುಕಾರರ ಮುಂದೆ ಹೆಸರೆತ್ತುವುದಿಲ್ಲ ಎಂದು. ಅಣ್ಣನ ಮುಂದೆ ಬಾಯಿ ಬಿಡುವುದಿಲ್ಲ ಎಂದಲ್ಲ. ಅದೇ ಸಂಜೆ ಮರದ ಅಡ್ಡೆಯ ಹಿಂದಿನ ಅಂಗಳಕ್ಕೆ ಒಬ್ಬಳೇ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅಣ್ಣ ಕೇಳಿಸಿಕೊಂಡರು. "ಅವಳು ನನ್ನ ಹೆಸರು ಹೇಳ್ಲಿಲ್ವಾ?" ಎಂದು ಎರಡು ಸಲ ಕೇಳಿದರು. ಆಮೇಲೆ ಗೇಟು ಹಾಕಿಕೊಂಡರು. ಇವರು ಬರುವ ಪೈಕಿಯಲ್ಲ ಎಂದುಕೊಂಡು ಹಿಂದಿರುಗಿದೆ.

ಮರುದಿನ ಸಾಹುಕಾರರ ಕೋಣೆಯಲ್ಲಿ ನಾಯಿ ಮೇಜಿನ ಮೇಲಿದೆ, ಕಿವಿ ಪಕ್ಕದಲ್ಲಿದೆ. ಹಿರಿಯರು ಫೋನನ್ನು ಕೈಯಲ್ಲೇ ಹಿಡಿದಿದ್ದಾರೆ. ಅಂಟಕ್ಕ ಗೋಡೆಗೊರಗಿ ನಿಂತಿದ್ದಾರೆ. ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮಿನ ಸದ್ದು. ಅಣ್ಣ. ತಲೆ ಬಾಚಿಕೊಂಡು, ಒಗೆದ ಅಂಗಿ ತೊಟ್ಟು ಬಂದಿದ್ದಾರೆ, ಹುಬ್ಬಿನ ದೂಳು ಮಾತ್ರ ಹೋಗಿಲ್ಲ. ಯಾರಿಗೂ ಏನೂ ಹೇಳದೆ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಅದರೊಳಗಿಂದ ಹುಣಸೆಬೀಜದಷ್ಟು ಒಂದು ಚಕ್ಕೆಯನ್ನು ಮೇಜಿನ ಮೇಲಿಡುತ್ತಾರೆ.

ಕಿವಿಯ ತುದಿಯ ಚಕ್ಕೆ.

ಅಂಟಕ್ಕ ಅದನ್ನು ಮುಟ್ಟುವ ಮೊದಲು ನಾನು ಕೈ ಚಾಚುತ್ತೇನೆ. ಗುಮಾನಿ ಅಷ್ಟು ಸುಲಭಕ್ಕೆ ಬಿಟ್ಟು ಹೋಗುವುದಿಲ್ಲವಲ್ಲ. ನನ್ನ ಕೈಯಿಂದಲೇ ಕಿವಿಯ ತುದಿಗೆ ಹಿಡಿಯುತ್ತೇನೆ. ಚಕ್ಕೆ ಸ್ವಲ್ಪ ಜಾರಿ, ತನ್ನ ಜಾಗ ಸಿಕ್ಕಿ, ನಿಂತುಬಿಡುತ್ತದೆ. ಮತ್ತೆ ಅಲುಗಾಡುವುದಿಲ್ಲ. ಸಾಹುಕಾರರು ಕನ್ನಡಕ ತೆಗೆದು, ಬಗ್ಗಿ, ಬಹಳ ಹೊತ್ತು ನೋಡುತ್ತಾರೆ.

"ಕೆತ್ತಿದ್ದು ನಾನು, ಒಡೆದಿದ್ದೂ ನಾನೇ," ಎನ್ನುತ್ತಾರೆ ಅಣ್ಣ. "ಒಡೆದು ಕೊಟ್ರೆ ಬೇಗ ಹೋಗುತ್ತೆ ಅಂದ ದಲ್ಲಾಳಿ. ಅವನ ಕೈಗೆ ಬಿಟ್ರೆ ತಲೆನೇ ಹಾರಿಸ್ತಿದ್ದ. ಎಲ್ಲಾ ಚೂರನ್ನೂ ಕೊಟ್ಟೆ. ಇದೊಂದು ಎಲ್ಲೋ ಸಿಡಿದು ಆಮೇಲೆ ಸಿಕ್ತು. ಬಿಸಾಡೋಕೆ ಮನಸ್ಸು ಬರ್ಲಿಲ್ಲ."

"ಸಿಂಹ?" ಎನ್ನುತ್ತಾರೆ ಸಾಹುಕಾರರು.

ಅಣ್ಣ ಹೌದೆಂದು ತಲೆಯಾಡಿಸುತ್ತಾರೆ.

"ಬೋಗುಣಿ?"

ಅದಕ್ಕೂ ತಲೆಯಾಡಿಸುತ್ತಾರೆ.

"ಆ ಹೆಂಗಸಿನ ತಲೆ?"

"ಅದು ನಂದಲ್ಲ."

ಸಾಹುಕಾರರು ನಂಬಿದರೋ ಬಿಟ್ಟರೋ ಗೊತ್ತಾಗುವುದಿಲ್ಲ. ಹೆಂಗಸಿನ ತಲೆಯ ಕಪಾಟಿನ ಮುಂದೆ ಹೋಗಿ ನಿಲ್ಲುತ್ತಾರೆ. "ಹಳೇದು ಒಡೆದ್ರೆ ಚೂರು ಚೂರಾಗುತ್ತೆ. ಇವೆಲ್ಲ ಇಷ್ಟು ಅಚ್ಚುಕಟ್ಟಾಗಿ ಹೆಂಗೆ ಒಡೆದ್ವು ಅಂತ ನನಗೆ ಆಗ್ಲೇ ಹೊಳೀಬೇಕಿತ್ತು," ಎಂದು ಗಾಜಿಗೇ ಹೇಳಿಕೊಳ್ಳುತ್ತಾರೆ.

"ಕಲ್ಲಿನ ಪದರ ನೋಡ್ಕೊಂಡು ಒಂದೇ ಏಟಿಗೆ ಬಿಡ್ಸಿದೀನಿ," ಎನ್ನುತ್ತಾರೆ ಅಣ್ಣ. "ಜೋಡಿಸೋಳು ನನ್ನ ತಂಗಿ. ಅವಳಿಗೆ ತ್ರಾಸ ಆಗಬಾರದು ಅಂತ."

ಇದನ್ನು ಅವರು ತಪ್ಪೊಪ್ಪಿಗೆಯ ಹಾಗೆ ಹೇಳಲಿಲ್ಲ, ತಂಗಿಗೆ ಮಾಡಿದ ಉಪಕಾರದ ಹಾಗೆ ಹೇಳಿದರು. ನಾನು ಅಂಟಕ್ಕನ ಕಡೆ ತಿರುಗಿದೆ. ನಿನ್ನೆ ಕಳ್ಳತನದ ಆರೋಪ ಬಂದಾಗಲೂ ಕೆಳಗಿಳಿಯದಿದ್ದ ಮುಖ ಈಗ ಇಳಿದುಹೋಗಿತ್ತು. ಸಿಂಹದ ಪಂಜ, ಬೋಗುಣಿಯ ಅಂಚು, ಟಕ್ಕೆಂದು ಕೂತದ್ದೆಲ್ಲ ಅವರಿಗೆ ನೆನಪಾಗುತ್ತಿತ್ತು. ನನಗೂ ನೆನಪಾಗುತ್ತಿತ್ತು.

ಸಾಹುಕಾರರು ದೂರು ಕೊಡಲಿಲ್ಲ. ನಾಯಿಯನ್ನು ತೆಗೆದುಕೊಂಡು ಹೋಗಿ ಎಂದರು. ನಾವು ಹೊರಡುವಾಗ ಒಂದೊಂದೇ ಕಪಾಟಿನ ದೀಪ ಆರಿಸುತ್ತಿದ್ದರು. ಹೆಂಗಸಿನ ತಲೆಯದನ್ನು ಒಮ್ಮೆ ಆರಿಸಿ, ಮತ್ತೆ ಹಾಕಿದರು. ದಲ್ಲಾಳಿಯ ಫೋನು ಅಂದಿನಿಂದ ಬಂದ್.

ಈಗ ಶೆಡ್ಡಿಗೆ ಬೋರ್ಡು ಬಂದಿದೆ. ಬಂದವರ ಹೆಸರು, ಕಲ್ಲು ಎಲ್ಲಿಯದು ಎಂದು ಅಂಟಕ್ಕ ಕೇಳುತ್ತಾರೆ. ಕೇಳಿದ್ದಕ್ಕೇ ಹಿಂದಿರುಗಿದ ಕಾರುಗಳೂ ಇವೆ. ಗಿರಾಕಿಗಳು ಮೊದಲಿಗಿಂತ ಕಡಿಮೆ. ಸಂದಿಗೆ ತುಂಬುವ ಪುಡಿಯನ್ನು ಬೇಕೆಂದೇ ಒಂದು ಬಣ್ಣ ತಿಳಿಯಾಗಿ ಕಲೆಸುತ್ತಾರೆ, ಒಡೆದದ್ದು ಒಡೆದದ್ದೆಂದು ಕಾಣಲಿ ಎಂದು. ಹೊಸ್ತಿಲ ಪಕ್ಕದಲ್ಲಿ ಕುಂಟ ಹಿಂಗಾಲು ಚಾಚಿ ಮಲಗಿದೆ, ಅದರ ಬಲಗಿವಿಯ ಬುಡದಲ್ಲಿ ತೆಳು ಬಿಳಿ ಗೆರೆ, ತುದಿಯಲ್ಲಿ ಇನ್ನೊಂದು. ಅಣ್ಣ ವಾರಕ್ಕೊಮ್ಮೆ ಬಂದು ಅದರ ಪಕ್ಕ ಕೂತು ಹೋಗುತ್ತಾರೆ. ತಂಗಿ ಕಾಫಿ ಕೊಡುತ್ತಾರೆ, ಮಾತಾಡಿಸುವುದಿಲ್ಲ.

"ಒಡೆದ್ನಲ್ಲ ಅಂತ ಸಿಟ್ಟಿಲ್ಲ, ಪೇಪರಮ್ಮ. ಕಷ್ಟ ಇತ್ತೇನೋ, ಒಡೆದ. ನನಗೆ ಅಂತ ಸುಲಭ ಮಾಡಿ ಒಡೆದ್ನಲ್ಲ, ಅದಕ್ಕೆ ಸಿಟ್ಟು. ನಾನು ನನ್ನ ಕೈ ಪಳಗಿದೆ ಅಂತ ಮೆರೀತಿದ್ದೆ. ಈಗ ಯಾವುದಾದ್ರೂ ಟಕ್ ಅಂತ ಕೂತ್ರೆ ಎದೆ ಧಸಕ್ ಅನ್ನುತ್ತೆ."

ನಾನು ಕೊನೆಯ ಸಲ ಹೋದಾಗ ಮತ್ತೆ ಬೆಳಗಿನ ಹೊತ್ತು. ಬಾಗಿಲು ಗೇಣುದ್ದ ತೆರೆದಿದೆ. ಹಲಗೆಯ ಮೇಲೆ ಯಾರದೋ ಮನೆಯ ಕಲ್ಲಿನ ಹೂದಾನಿ. ಮಹಡಿಯಿಂದ ಬಿದ್ದದ್ದಂತೆ, ಬೀಳಿಸಿದ ಸೊಸೆಯೇ ಕಣ್ಣೀರು ಹಾಕುತ್ತಾ ತಂದುಕೊಟ್ಟಿದ್ದಾಳೆ. ಚೂರುಗಳು ಮರಳಿನ ತಟ್ಟೆಯ ತುಂಬ ಹರಡಿವೆ. ಒಂದನ್ನು ಕೂರಿಸಲು ಹೋದರೆ ಇನ್ನೊಂದು ಜಾರುತ್ತದೆ. ವಾರದಿಂದ ಇದೇ ಪಾಡಂತೆ. "ಹಾಳಾದ್ದು, ಕೂರ್ತಾನೇ ಇಲ್ಲ," ಎಂದು ಅಂಟಕ್ಕ ಬೈಯುತ್ತಾರೆ. ಬೈಯುವ ಮುಖದಲ್ಲಿ ನಗು.

ಪುರವಣಿಯ ಓದುಗರಿಗೆ ಏನಾದರೂ ಹೇಳಬೇಕೆ, ಏನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಅವರು ಚೂರೊಂದನ್ನು ಓರೆ ಬೆಳಕಿಗೆ ಹಿಡಿದು, ಅಂಚನ್ನು ಬೆರಳಿನಿಂದ ಸವರಿ, ತಟ್ಟೆಗೆ ಹಾಕಿ ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ.

"ಇಂಥದ್ದೇ ಬರ್ಲಿ, ಅಷ್ಟೇ. ನನ್ನ ಮಾತು ಕೇಳದೇ ಇರೋದು. ನನಗೋಸ್ಕರ ಅಂತ ಯಾರೂ ಒಡೆಯದೇ ಇರೋದು."